ರೊಟ್ಟಿಯ ಸಪ್ಪಳ

ಮೂರನೆಯ ರೊಟ್ಟಿಯೂ ಹಂಚು ಮುಟ್ಟುವ ಮೊದಲೇ ಗುದ್ಲೆಪ್ಪನ ಕೈಯಲ್ಲಿ ಹರಿದು ಎರಡು ಹೋಳಾಯಿತು. ಒಂದು ಹೋಳು ಹಂಚಿನ ಮೇಲೆ ಬಿತ್ತು, ಇನ್ನೊಂದು ನೇರ ಒಲೆಯ ಬೂದಿಗೆ. "ಇದರ ಮನಿ ಹಾಳಾಗ!" ಎಂದು ಅವನು ಹಿಟ್ಟಿನ ಕೈಯಿಂದಲೇ ಮೀಸೆ ಒರೆಸಿಕೊಂಡ. ಬಾಗಿಲು ಹಾಕಿದ್ದರಿಂದ ಹೊಗೆ ತುಂಬಿ ಗಂಡ ಹೆಂಡತಿ ಇಬ್ಬರ ಕಣ್ಣಲ್ಲೂ ನೀರು. ನಾಗವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಡಾಯಿ ಕಾಲದ ತುಟ್ಟಿ ಜೋಳ, ಹೀಗೆ ಬೂದಿಗೆ ಬಿದ್ದರೆ ಹೊಟ್ಟೆ ಉರಿಯುವುದಿಲ್ಲವೇ?

"ಕುದಿಯೋ ಎಸರು ಹಾಕ್ರಿ ಅಂದ್ರ ತಣ್ಣೀರು ಸುರುವಿದ್ರಿ. ಹಿಟ್ಟಿಗೆ ಜಿಗಿ ಎಲ್ಲಿಂದ ಬರಬೇಕು?"

"ನೀರಂದ್ರ ನೀರು. ಕುದ್ದದ್ದೇನು, ಕುದೀಲಾರದ್ದೇನು?"

"ಹೋರಿಗೆ ಹಂಗ ಅಂತೀರೇನು? ಹೋರಿ ಅಂದ್ರ ಹೋರಿ, ಪಳಗಿದ್ದೇನು, ಪಳಗಲಾರದ್ದೇನು ಅಂತ?"

ಗುದ್ಲೆಪ್ಪ ಬೂದಿಗೆ ಬಿದ್ದ ಹೋಳನ್ನು ಹೆಕ್ಕಿ ಬದಿಗಿಟ್ಟ.

ಹತ್ತಿಮತ್ತೂರಿನ ಆ ಓಣಿಯ ಹೆಂಗಸರು ಮುಂಜಾನೆಯ ರೊಟ್ಟಿ ಸಪ್ಪಳ ಕೇಳಿಯೇ ಇದು ಯಾರ ಮನೆ, ಯಾರ ಕೈ ಎಂದು ಹೇಳಿಬಿಡುತ್ತಿದ್ದರು. ನಾಗವ್ವನ ಕೈ ಮಾತ್ರ ಎರಡು ತಿಂಗಳಿಂದ ಸುಮ್ಮನಿತ್ತು. ಹತ್ತಿ ಹೇರಿದ ಬಂಡಿಯಿಂದ ಬಿದ್ದು ಮುರಿದ ಬಲಗೈಯನ್ನು ಎಲುಬು ಕಟ್ಟುವ ಉಸ್ಮಾನಸಾಬ ಬಿದಿರ ಸೀಳು ಇಟ್ಟು ಕಟ್ಟಿದ್ದ. ಎಲುಬು ಕೂಡಿತು, ಆದರೆ ಮಣಿಕಟ್ಟು ಕಟ್ಟಿಗೆಯಂತೆ ಸೆಟೆದು ನಿಂತಿತು. ಅಂದಿನಿಂದ ಪಕ್ಕದ ಮನೆಯ ಮುದಕವ್ವ ದಿನಾ ಎಂಟು ರೊಟ್ಟಿ ಕೊಡುತ್ತಿದ್ದಳು. ಪುಣ್ಯಾತ್ಗಿತ್ತಿ, ಕೊಡುವಾಗ ಮೇಲೊಂದು ಮಾತನ್ನೂ ಹಾಕಿ ಕೊಡುತ್ತಿದ್ದಳು: "ಗಂಡಸು ಎಷ್ಟ್ ದಿನಾ ಮಂದಿ ರೊಟ್ಟಿ ತಿನ್ಬೇಕು? ಇನ್ನೊಂದು ಲಗ್ನಾ ಮಾಡ್ಬೇಕವಂಗ." ಈ ಮಾತು ದುಂಡಸಿಯಲ್ಲಿದ್ದ ಗುದ್ಲೆಪ್ಪನ ಅಕ್ಕ ಹುಚ್ಚವ್ವನ ಕಿವಿ ಮುಟ್ಟಿತು. ಆಕೆ ಹೆಣ್ಣನ್ನೂ ನೋಡಿಯಾಗಿತ್ತು. ಇವತ್ತು ತಮ್ಮನ ಒಪ್ಪಿಗೆ ಕೇಳಲು ಬರುವವಳಿದ್ದಳು.

ಹುಚ್ಚವ್ವನ ತಾಟಿಗೆ ಮುದಕವ್ವನ ರೊಟ್ಟಿ ಬೀಳಬಾರದೆಂದು ನಾಗವ್ವ ಹಟ ಹಿಡಿದಿದ್ದಳು. ಗುದ್ಲೆಪ್ಪ ತಾನೇ ಬಡಿಯಲು ಒಪ್ಪಿದ್ದ, ಆದರೆ ಗುಟ್ಟಾಗಿ. ಸಪ್ಪಳ ಹೊರಗೆ ಹೋಗಬಾರದೆಂದು ಹಲಗೆಯ ಕೆಳಗೆ ಗೋಣಿಚೀಲ ಹಾಸಿ, ಕೂಸಿಗೆ ಜೋಗುಳ ಹಾಡಿ ತಟ್ಟಿದಂತೆ ಮೆಲ್ಲಗೆ ತಟ್ಟುತ್ತಿದ್ದ. ಹಾಗೆ ತಟ್ಟಿದರೆ ಸಗಣಿ ಕುಳ್ಳಾದೀತು, ರೊಟ್ಟಿ ಆದೀತೇ?

"ಬಾಗಿಲಾ ತೆಗೀರಿ," ಎಂದಳು ನಾಗವ್ವ.

"ಹುಚ್ಚು ಹಿಡದೈತೇನ? ಮಂದಿ ನಗತಾರ."

"ನಗಲಿ. ನಾಳೆ ನನ್ನ ಎದಿ ಮ್ಯಾಲ ಸವತಿ ಬಂದು ಕುಂತ್ರ ಮಂದಿ ಅಳತಾರೇನು? ಅವಾಗೂ ನಗವರ. ಈಗ ನಕ್ರ ನನಗ ಲಾಭ ಐತಿ."

ಎಡಗೈಯಿಂದ ತಾನೇ ಅಗಳಿ ಸರಿಸಿ ಬಾಗಿಲು ತೆರೆದಳು. ಬಂದವಳೇ ಹಲಗೆಯ ಕೆಳಗಿನ ಚೀಲವನ್ನು ಎಳೆದು ಒಗೆದಳು. "ಬಡೀರಿ! ಕಳವು ಮಾಡಾಕತ್ತಿಲ್ಲ ನೀವು."

ಈ ಸಲ ಕುದಿವ ಎಸರೇ ಬಿತ್ತು. ಗುದ್ಲೆಪ್ಪ ಹಿಟ್ಟು ನಾದಿ, ಸಿಟ್ಟೆಲ್ಲ ಅಂಗೈಗೆ ತಂದು ಬಡಿದ. ಧಪ್! ರೊಟ್ಟಿ ಹಲಗೆಯಿಂದ ಜಾರಿ ಹೊಸ್ತಿಲ ತನಕ ಹೋಯಿತು. ಬೆಕ್ಕು ಬಂದು ಮೂಸಿ, ಮುಖ ತಿರುವಿ ಹೊರಟುಹೋಯಿತು. ಗೋಡೆಯಾಚೆಯಿಂದ ಮುದಕವ್ವ ಕೂಗಿದಳು, "ಏನಬೇ ನಾಗವ್ವ, ಮನ್ಯಾಗ ಕೌದಿ ಒಗ್ಯಾಕತ್ತೀರೇನು?"

"ಇಲ್ಲಬೇ ಅತ್ತಿ. ನಮ್ಮನಿಯವ್ರು ರೊಟ್ಟಿ ಬಡ್ಯಾಕತ್ತಾರ. ಬಾ, ಕಣ್ಣಾರೆ ನೋಡ್ಕೊಂಡ್ ಹೋಗು!"

ಗುದ್ಲೆಪ್ಪನ ಕಿವಿ ಕೆಂಪಾದವು. ಆದರೆ ಕೈ ನಿಲ್ಲಲಿಲ್ಲ.

ಹುಚ್ಚವ್ವ ಚಕ್ಕಡಿ ಇಳಿದು ಬಂದಾಗ ತಮ್ಮನ ಹುಬ್ಬು, ಮೀಸೆ ಎಲ್ಲ ಹಿಟ್ಟು. "ಅಯ್ಯ ಶಿವನ! ನಮ್ಮವ್ವ ನಿನ್ನ ಇದಕ್ಕ ಹಡದಿದ್ಲೇನೋ?" ಎಂದು ಸೆರಗು ಕಣ್ಣಿಗೊತ್ತಿಕೊಂಡಳು. "ನಾ ನೋಡಿದ ಹುಡುಗಿ ಕೋಳಿ ಕೂಗೂದ್ರಾಗ ಮೂವತ್ತು ರೊಟ್ಟಿ ಇಳಸ್ತಾಳ. ಕೈ ಅಂದ್ರ ಅದು ಕೈ!"

ನಾಗವ್ವ ತಾಟು ಇಟ್ಟು ಗುರೆಳ್ಳು ಹಿಂಡಿ, ಝುಣಕ, ಮೇಲೊಂದು ರೊಟ್ಟಿ ಬಡಿಸಿದಳು. ಎಡಗೈಯಿಂದಲೇ ಬಡಿಸಿದಳು, ಅದನ್ನು ಕಂಡು ಹುಚ್ಚವ್ವ ಹುಬ್ಬು ಗಂಟಿಕ್ಕಿದರೂ ಇವಳು ಕೈ ಹಿಂದೆ ತೆಗೆಯಲಿಲ್ಲ. ರೊಟ್ಟಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ.

"ತಿನ್ರಿ ಅಕ್ಕಾರ. ನಿಮ್ಮ ತಮ್ಮನ ಕೈರುಚಿ."

ಹುಚ್ಚವ್ವ ಅಗಿದಳು, ಅಗಿದಳು, ನುಂಗಲಾಗದೆ ನೀರು ಕುಡಿದಳು. "ಇದು ರೊಟ್ಟಿ ಏನಬೇ? ಇದರ ಮ್ಯಾಲ ಖಾರ ಅರೀಬಹುದು! ಮುರದ ಕೈ ಕಟ್ಕೊಂಡು ಎಷ್ಟ್ ದಿನಾ ಅಂತ ಬಾಳೇ ಮಾಡ್ತಾನ ಇವಾ?"

ನಾಗವ್ವನಿಗೆ ಮೈಯೆಲ್ಲ ಉರಿದುಹೋಯಿತು. "ಆ ಹುಡುಗಿ ಕೈನೂ ಒಂದಿನ ಮುರದ್ರ, ಅಕ್ಕಾರ? ಮೂರನೇದಾಕಿನ್ನೂ ಈಗ ನೋಡಿಟ್ಟೀರೇನು?"

ಹುಚ್ಚವ್ವ ತಮ್ಮನ ಕಡೆ ತಿರುಗಿದಳು. "ನೀ ಹೇಳೋ, ಗಂಡಸು ನೀ. ಆಕಿ ಅಪ್ಪ ದಾರಿ ಕಾಯಾಕತ್ತಾನ. ಅವಗೇನ್ ಹೇಳ್ಲಿ?"

ನಾಗವ್ವ ಗಂಡನ ಮುಖ ನೋಡಿದಳು. ತಾನು ಎಷ್ಟು ಜೋರು ಮಾಡಿದರೇನು, ಕೊನೆಗೆ ನಡೆಯುವುದು ಅವನ ಮಾತೇ. ಮುದಕವ್ವನ ಕುತ್ತಿಗೆಯೂ ಗೋಡೆಯ ಮೇಲೆ ಬಂದಿತ್ತು. ಗುದ್ಲೆಪ್ಪ ತಲೆ ಎತ್ತಲಿಲ್ಲ. ಹಂಚಿನ ಮೇಲಿನದು ಕರಕಾಗಿ ಹೊಗೆಯಾಡುತ್ತಿತ್ತು. ಅದನ್ನು ಕಿತ್ತು ಬದಿಗಿಟ್ಟು, ಇನ್ನೊಂದು ಹಿಟ್ಟಿನ ಮುದ್ದೆ ಹಲಗೆಗೆ ಹಾಕಿದ.

"ಆಕಿ ಅಪ್ಪಗ ಹೇಳಕ್ಕಾ," ಎಂದ, ಇಡೀ ಓಣಿಗೆ ಕೇಳುವಂತೆ. "ನಮ್ಮ ಮನ್ಯಾಗ ರೊಟ್ಟಿ ಬಡಿಯೋ ಚಾಕರಿ ಖಾಲಿ ಇಲ್ಲಂತ."