ಮೂರು ತಿಂಗಳು ಬಿಟ್ಟು ಬನ್ನಿ

ಪರೀಕ್ಷೆ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಪರದೆಯ ಆ ಕಡೆ ಕೂತಿದ್ದ ಹುಡುಗಿ ತಾನು ಬರೆದ ಕೋಡ್ ನೋಡಿ ತಾನೇ ನಕ್ಕುಬಿಟ್ಟಳು. "ಗಾಣದೆತ್ತಿನ ಥರ ಸುತ್ತಿದ್ದಲ್ಲೇ ಸುತ್ತುತ್ತಾ ಇದೆ ಮೇಡಂ."

ಪರೀಕ್ಷಕಿಗೂ ನಗು ಬಂತು. ಬರಬಾರದಿತ್ತು. ದೇಶ ದೇಶಗಳ ಕಂಪನಿಗಳಿಗೆ ಮನೆಯಿಂದಲೇ ದುಡಿಯುವ ಸಾಫ್ಟ್‌ವೇರ್‌ನವರನ್ನು ಸೋಸಿ ಕೊಡುವುದು ಅವಳ ಕೆಲಸ. ನೂರು ಜನ ಬಂದರೆ ಉಳಿಯುವವರು ಮೂವರು. ತಂಗಿಯಂತೂ ಅವಳಿಗೆ ಜರಡಿ ಅಂತಲೇ ಹೆಸರಿಟ್ಟಿದ್ದಾಳೆ. ಜರಡಿಯೂ ಮನೆಯಲ್ಲೇ ಕೂತು ಕೆಲಸ ಮಾಡುವವಳು, ಒಂಟಿ ಜೀವ. ನಾಲ್ಕು ವರ್ಷದಿಂದ ಅದೇ ಕೋಣೆ, ಎದುರಿಗೆ ಹೆದರಿದ ಮುಖಗಳು.

ಈ ಮಾತಿನಮಲ್ಲಿ ಹಾಗಲ್ಲ. ಬರೆಯುತ್ತಲೇ ಹರಟಿದಳು. ಹಳೆಯ ಕಂಪನಿ ಮುಚ್ಚಿ ಎರಡು ವರ್ಷವಾಯಿತಂತೆ, ಇದೊಂದು ಕೈಗೆ ಹತ್ತಿದರೆ ಸಾಕಂತೆ, ಮನೆಯವರೆಲ್ಲ ಬಾಗಿಲಾಚೆ ಉಸಿರು ಬಿಗಿಹಿಡಿದು ನಿಂತಿದ್ದಾರಂತೆ. ಇಬ್ಬರೂ ಒಂದೇ ಮೇಜಿಗೆ ಕೂತು ಕೆಲಸ ಮಾಡಿದ ಹಾಗಿತ್ತು. ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಕೊನೆಗೆ ಕೋಡ್ ಸರಿಯಾಗಿಯೇ ಓಡಿತು. ಎಲ್ಲೋ ಒಂದು ಸಣ್ಣ ತಪ್ಪು ಉಳಿದಿತ್ತು, ಯಾರೂ ಲೆಕ್ಕಕ್ಕೆ ಹಿಡಿಯದಂಥದ್ದು.

ಪರದೆ ಆರಿದ ಮೇಲೆ ಕೋಣೆ ಬಿಕೋ ಅಂದಿತು. ಪಾಸ್ ಅಂತ ಬರೆದರೆ ಹುಡುಗಿ ಯಾವುದೋ ಕಂಪನಿ ಸೇರುತ್ತಾಳೆ, ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಗೆ ಬಂದವರನ್ನು ಆಮೇಲೆ ಮಾತಾಡಿಸಕೂಡದು ಅಂತ ಕಟ್ಟುನಿಟ್ಟು. ಫೇಲ್ ಆದವರು ಮಾತ್ರ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಬರಬಹುದು, ಅದೂ ಅದೇ ಪರೀಕ್ಷಕರ ಮುಂದೆ.

ಛೇ, ಇದೆಂಥ ಯೋಚನೆ ಅಂತ ಜರಡಿ ತನ್ನನ್ನೇ ಬೈದುಕೊಂಡಳು. ಎದ್ದು ಹೋಗಿ ನೀರು ಕುಡಿದು ಬಂದಳು. ಎರಡು ವರ್ಷ ಕಾದವಳಿಗೆ ಇನ್ನು ಮೂರು ತಿಂಗಳು ಯಾವ ಮಹಾ? ಆ ಸಣ್ಣ ತಪ್ಪನ್ನು ದೊಡ್ಡದು ಮಾಡಿ ಬರೆದಳು, ಫೇಲ್ ಒತ್ತಿದಳು. ಆಸೆ ಮನುಷ್ಯರ ಕೈಲಿ ಎಂಥೆಂಥದ್ದೆಲ್ಲ ಮಾಡಿಸುತ್ತದೆ ನೋಡಿ.

ಆಮೇಲೆ ದಿನ ಎಣಿಸಿದ್ದೇ ಎಣಿಸಿದ್ದು. ಹುಡುಗಿಯ ಮರುಪರೀಕ್ಷೆಯ ದಿನ ಮನೆಗೆ ಬರುತ್ತೇನೆಂದ ತಂಗಿಗೆ, ಗೆಳತಿಯೊಬ್ಬಳು ಸಿಗುವವಳಿದ್ದಾಳೆ, ನಾಳೆ ಬಾ ಅಂದಳು. ನೀಟಾಗಿ ತಲೆ ಬಾಚಿ, ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆ ತೊಟ್ಟು, ಹತ್ತು ನಿಮಿಷ ಮೊದಲೇ ಕೂತಳು.

ಹುಡುಗಿ ಬಂದಳು. ನಮಸ್ಕಾರ ಹೇಳಿದಳು, ಪ್ರಶ್ನೆ ಓದಿದಳು, ತುಟಿ ಬಿಗಿದು ಬರೆಯತೊಡಗಿದಳು. ಕೀಲಿಮಣೆಯ ಟಕಟಕ ಬಿಟ್ಟರೆ ಬೇರೆ ಸದ್ದಿಲ್ಲ. ಇಪ್ಪತ್ತು ನಿಮಿಷ ತಡೆದುಕೊಂಡ ಜರಡಿ ಕೊನೆಗೆ ತಾನೇ ಕೇಳಿದಳು.

"ಯಾಕೆ, ಮಾತೇ ಆಡ್ತಾ ಇಲ್ವಲ್ಲ ನೀವು?"

ಹುಡುಗಿ ತಲೆ ಎತ್ತಲಿಲ್ಲ.

"ಹೋದ ಸಲ ವಟವಟ ಅಂದಿದ್ದಕ್ಕೇ ಫೇಲ್ ಆಗಿದ್ದು ಅಂತ ಮನೇಲಿ ಎಲ್ಲರೂ ಬೈದ್ರು ಮೇಡಂ. ಮೂರು ತಿಂಗಳು ಬಾಯಿ ಮುಚ್ಕೊಂಡಿರೋದನ್ನೇ ಅಭ್ಯಾಸ ಮಾಡಿದೀನಿ."