ಹದಿನೈದು ಇಂಚಿನ ತಿರುವು

ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಹೆಬ್ಬೆರಳು ನೋಯುತ್ತದೆ.

ಕತ್ರಿಗುಪ್ಪೆಯ ಮನೆಯ ಕೆಂಪು ನೆಲದ ಮೇಲೆ ಅಪ್ಪ ಆಟದ ರೈಲಿನ ಹಳಿಗೆ ಗುರುತು ಹಾಕುತ್ತಿದ್ದರು. ದಾರದ ಒಂದು ತುದಿಯನ್ನು ನಾನು ಮಧ್ಯಾಹ್ನವಿಡೀ ನೆಲಕ್ಕೆ ಒತ್ತಿ ಹಿಡಿದಿದ್ದೆ. ಇನ್ನೊಂದು ತುದಿಗೆ, ಹನ್ನೆರಡು ಇಂಚು ದೂರಕ್ಕೆ, ಸೀಮೆಸುಣ್ಣ ಕಟ್ಟಿ ಅಪ್ಪ ಸುತ್ತ ಗೀಟೆಳೆದರು. ತಮ್ಮ ಒಳಗೆ ಮಲಗಿದ್ದ.

“ಹನ್ನೆರಡು ಇಂಚು ಸಾಲಲ್ಲ ಅಪ್ಪಾ. ತಿರುವಲ್ಲಿ ಉದ್ದದ ಬೋಗಿ ಬಿದ್ದೋಗತ್ತೆ,” ಎಂದು ಬೋಗಿ ಇಟ್ಟು ತೋರಿಸಿದೆ. ಅಪ್ಪ ಅದರ ಹೊರಗೆ ಹದಿನೈದರ ಗೀಟೆಳೆದು, ಅದರ ಮೇಲೆ ಹಳಿ ಜೋಡಿಸಿದರು.

ಸಂಜೆ ಚಿಕ್ಕಪ್ಪ ಬಂದಾಗ ರೈಲು ಒಮ್ಮೆಯೂ ಬೀಳದೆ ಸುತ್ತಿತು.

“ಸಖತ್ತಾಗಿದೆ! ಯಾರ ಲೆಕ್ಕ?” ಎಂದರು.

ಅಪ್ಪ, ಆಗಷ್ಟೇ ಎದ್ದು ಬಂದಿದ್ದ ನನ್ನ ತಮ್ಮನ ಬೆನ್ನು ತಟ್ಟಿದರು. “ಇವನದೇ. ಇಂಜಿನಿಯರ್ ಆಗ್ತಾನೆ, ನೋಡ್ತಿರು.”

ಆಮೇಲೆ ನನ್ನ ಕಡೆ ತಿರುಗಿದರು. “ಪುಟ್ಟಿ, ಹಳಿ ಒಳಗಡೆ ಇರೋ ಆ ಹನ್ನೆರಡರ ಗೀಟು ಒರೆಸ್ಬಿಡಮ್ಮ.”