ರೇಡಾರಿಗೂ ಸಿಗದ ವಿಮಾನ

ಇಂಜಿನ್ ಆರ್ಭಟಿಸಿತು. ವೇದಿಕೆಯ ಮೇಲಿನ ಕುರ್ಚಿಗಳು ಗಡಗಡ ನಡುಗಿದವು. ಒಂದು ನಿಮಿಷ ಕಳೆಯಿತೋ ಇಲ್ಲವೋ, ಸದ್ದು ಥಟ್ಟನೆ ನಿಂತಿತು.

"ಹೋಯ್ತಾ?" ಮಂತ್ರಿಗಳು ಮಂಜಿನೊಳಕ್ಕೆ ಕತ್ತು ಚಾಚಿದರು. ಹತ್ತು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ.

ಜನರಲ್ ರೇಡಾರಿನ ಪರದೆ ನೋಡಿದರು. ಒಂದು ಚುಕ್ಕೆಯೂ ಇಲ್ಲ. ಕಣ್ಣು ತೇವವಾಯಿತು.

"ಹೋಯ್ತು ಸಾರ್."

ಚಪ್ಪಾಳೆ ಬಿತ್ತು.

ವಾಯುಪಡೆಗೆ ವಿಮಾನ ಕಟ್ಟಿಸುವುದೇ ಇಪ್ಪತ್ತೊಂದು ವರ್ಷದಿಂದ ಜನರಲ್ ಅವರ ಕೆಲಸ. ಮೊದಲನೆಯ ವಿಮಾನದ ಭಾರಕ್ಕೆ ರನ್‌ವೇ ಬಿರುಕುಬಿಟ್ಟಿತು. ಎರಡನೆಯದರ ರೆಕ್ಕೆ ಗಾಳಿಗೆ ಹಾರಿತು, ವಿಮಾನ ಅಲ್ಲೇ ಉಳಿಯಿತು. ವಿಮಾನ ಏಳದಿದ್ದಾಗಲೆಲ್ಲ ಜನರಲ್ ಮಾತ್ರ ಹುದ್ದೆಯಲ್ಲಿ ಒಂದೊಂದು ಮೆಟ್ಟಿಲು ಮೇಲೇರಿದರು. ಈ ಮೂರನೆಯದು ಯಾರ ರೇಡಾರಿಗೂ ಸಿಗದ ವಿಮಾನ. ಅದರ ಗುಟ್ಟು ಕಾಯಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವರ ಸಹಿಯಿಲ್ಲದೆ ಅಲ್ಲಿ ಒಂದು ಮೊಳೆಯೂ ಅಲುಗುತ್ತಿರಲಿಲ್ಲ. ಶತ್ರು ಕದ್ದು ಕೇಳಿಯಾನೆಂದು ವಿಮಾನದ ವೈರ್‌ಲೆಸ್ಸನ್ನೇ ಕಳಚಿಸಿಟ್ಟಿದ್ದರು.

ಅರ್ಧ ಗಂಟೆಗೆ ವಿಮಾನ ಮರಳಬೇಕಿತ್ತು. ಒಂದು ಗಂಟೆಯಾಯಿತು. ಇಂಧನವಿದ್ದುದು ಎರಡು ಗಂಟೆಗೆ. ಮೂರು ಗಂಟೆಯಾಯಿತು.

ಮಂಜು ಕರಗಿತು. ಆಕಾಶ ತೊಳೆದಿಟ್ಟ ತಟ್ಟೆಯಂತೆ ಖಾಲಿ.

ಹುಡುಕಲು ಆರು ಹೆಲಿಕಾಪ್ಟರ್ ಹೋದವು, ಆರೂ ಬರಿಗೈಯಲ್ಲಿ ಬಂದವು. ಜನರಲ್ ಎದೆ ಗಟ್ಟಿ ಮಾಡಿಕೊಂಡು ಮಂತ್ರಿಗಳ ಮುಂದೆ ನಿಂತರು.

"ಸಾರ್, ವಿಮಾನ ಎಲ್ಲಿದೆ ಅಂತ ನಮಗೇ ಗೊತ್ತಿಲ್ಲ."

ಮಂತ್ರಿಗಳು ಎದ್ದು ಬಂದು ಅವರನ್ನು ತಬ್ಬಿಕೊಂಡರು. "ಭೇಷ್! ನಮಗೇ ಸಿಗದ್ದು ಶತ್ರುವಿಗೆ ಸಿಗುತ್ತೇನ್ರೀ? ಇನ್ನೂ ನೂರು ಮಾಡಿಸಿ!"

ಮಧ್ಯಾಹ್ನದ ಹೊತ್ತಿಗೆ ಪದಕ ಬಂತು. ಅದನ್ನು ಎದೆಗೆ ಸಿಕ್ಕಿಸಿದ್ದೂ ಆಯಿತು. ಅತಿಥಿಗಳೆಲ್ಲ ಉಂಡು ಹೊರಟರು. ಒಬ್ಬರು ಮಾತ್ರ ಹೊರಡಲಿಲ್ಲ. ಮಗ ಹಾರುವುದನ್ನು ನೋಡಲು ಬಂದಿದ್ದ ಪೈಲಟ್‌ನ ತಾಯಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಜನರಲ್ ಅವರ ಕೋಣೆಯಲ್ಲಿ ಕೂತಿದ್ದರು.

"ಸಾಹೇಬ್ರೇ, ನನ್ನ ಮಗ ಎಲ್ಲಿ?"

"ಹುಡುಕ್ತಾ ಇದೀವಿ, ತಾಯಿ."

"ಕಾಣದ ಹಾಗೆ ಮಾಡೋದು ಕಲಿತಿರಿ, ಸರಿ. ಕಾಣೋ ಹಾಗೆ ಮಾಡೋದು ಯಾರು ಕಲೀಬೇಕು?"

ಇಪ್ಪತ್ತೊಂದು ವರ್ಷದಲ್ಲಿ ಜನರಲ್ ಅವರ ವಿಮಾನದಿಂದ ಯಾರಿಗೂ ತರಚುಗಾಯವೂ ಆಗಿರಲಿಲ್ಲ. ಹಾರದ ವಿಮಾನದಿಂದ ಬೀಳುವವರಾದರೂ ಯಾರು? ಈಗ ಒಂದು ಹಾರಿತ್ತು, ಒಂದು ಜೀವ ಹೋಗಿತ್ತು. ಅವರು ಪದಕ ಬಿಚ್ಚಿ ಮೇಜಿನ ಮೇಲಿಟ್ಟರು. ಕಾಗದ ಎಳೆದುಕೊಂಡು ರಾಜೀನಾಮೆ ಬರೆದರು. 'ತಪ್ಪೆಲ್ಲ ನನ್ನದೇ' ಎಂಬುದರ ಕೆಳಗೆ ಗೆರೆ ಎಳೆದರು.

"ಅವನು ಕೊನೇ ಸಲ ನಿಂತಿದ್ದ ಜಾಗ ತೋರಿಸ್ತೀರಾ?" ಎಂದರು ಆಕೆ.

ಇಬ್ಬರೂ ಇಳಿಬಿಸಿಲಿನಲ್ಲಿ ರನ್‌ವೇ ದಾಟಿ ನಡೆದರು. ಆಕೆ ಎಡವಿದಾಗ ಜನರಲ್ ಕೈ ಹಿಡಿದುಕೊಂಡರು, ಮತ್ತೆ ಬಿಡಲಿಲ್ಲ. ವಿಮಾನದ ಶೆಡ್ಡಿನ ಎದುರು ಬೆಳಗಿನಿಂದ ನಿಂತೇ ಇದ್ದ ಕಾವಲುಗಾರ, ಅವರನ್ನು ಕಂಡೊಡನೆ ಟಪ್ಪನೆ ಸೆಲ್ಯೂಟ್ ಹೊಡೆದ.

"ಅಂತೂ ಬಾಗಿಲು ತೆಗೆಯೋಕೆ ನಿಮ್ಮ ಸಹಿ ಚೀಟಿ ತಂದ್ರಾ ಸಾರ್? ಪೈಲಟ್ ಸಾಹೇಬರು ಬೆಳಗ್ಗೆಯಿಂದ ಒಳಗಿಂದ ಬಡೀತಾನೇ ಇದಾರೆ."